ನಲವತ್ತನೆಯವನು

ಬಡಗಿ ಎಂಬೊಂಗನನ್ನು ಸಫಿಯಾ ಮೊದಲ ಸಲ ಕಂಡದ್ದು ಒಂದು ಶುಕ್ರವಾರ ಮಧ್ಯಾಹ್ನ. ಇಬ್ಬರು ಗಂಡಸರು ಅವನ ಎರಡೂ ರಟ್ಟೆ ಹಿಡಿದು ದಾರಿಯುದ್ದಕ್ಕೂ ಎಳೆದುಕೊಂಡು ಹೋಗುತ್ತಿದ್ದರು. ಆಗ ಅವಳಿಗೆ ಹತ್ತೊಂಬತ್ತು ವರ್ಷ. ಮದುವೆಯಾಗಿ ಕಡಲಂಚಿನ ಹಳ್ಳಿ ತೆಲುಕ್ ಪಂದಾನಿಗೆ ಬಂದು ಹನ್ನೊಂದು ದಿನವಾಗಿತ್ತು. ಅಂಗಳದಲ್ಲಿ ಮೀನು ಒಣಹಾಕುತ್ತಿದ್ದವಳು, ಕಳ್ಳನನ್ನು ಹಿಡಿದರೇನೋ ಎಂದು ಎದ್ದು ನಿಂತಳು. ನೋಡಿದರೆ ಹಿಡಿದವರೂ ನಗುತ್ತಿದ್ದರು, ಸಿಕ್ಕಿಬಿದ್ದವನೂ ನಗುತ್ತಿದ್ದ. ಅವನ ತಲೆ, ಹುಬ್ಬು, ತೋಳಿನ ರೋಮ ಎಲ್ಲ ಮರದ ಹೊಟ್ಟಿನಿಂದ ಕೆಂಪಾಗಿತ್ತು.

“ಎಳೀಬೇಡ್ರೋ, ನಾನೇನು ಬಕ್ರೀದಿನ ಆಡಾ?” ಅನ್ನುತ್ತಿದ್ದ.

“ಆಡಾಗಿದ್ರೆ ಇಷ್ಟೊತ್ತಿಗೆ ತಾನಾಗೇ ಬಂದಿರ್ತಿತ್ತು. ನಡಿ ನಡಿ, ಒಬ್ಬ ಕಮ್ಮಿ.”

ಸಫಿಯಾಳ ಅತ್ತೆ ಬಾಗಿಲಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದವಳು ತಲೆ ಎತ್ತದೆಯೇ ಹೇಳಿದಳು. “ನಲವತ್ತು ಜನ ಗಂಡಸರು ಸೇರ್ದಿದ್ರೆ ಜುಮ್ಮಾ ನಮಾಜು ಆಗಲ್ಲ ಮಗಳೆ. ನಮ್ಮೂರಿಗೆ ಯಾವಾಗ್ಲೂ ಮೂವತ್ತೊಂಬತ್ತೇ ಗತಿ. ನಲವತ್ತನೆಯವ್ನು ಆ ದೋಣಿ ಬಡಗಿ ಎಂಬೊಂಗ್. ಸುತ್ತಿಗೆ ಸದ್ದಲ್ಲಿ ಅವ್ನಿಗೆ ಆಜಾನು ಕೇಳಿಸಲ್ಲ, ಹೋಗಿ ಹಿಡ್ಕೊಂಡು ಬರ್ಬೇಕು.”

ಸುಮಾರು ಐವತ್ತು ವರ್ಷ ಹೀಗೇ ನಡೆಯಿತು. ಹುಡುಗರು ದೊಡ್ಡವರಾಗಿ ಎಣ್ಣೆ ಬಂದರಿನ ಕೆಲಸಕ್ಕೆ ಹೋದರು, ಮುದುಕರು ಸತ್ತರು, ಒಂದೆರಡು ಕುಟುಂಬ ಹೊಸದಾಗಿ ಬಂದವು. ಲೆಕ್ಕ ಮಾತ್ರ ನಲವತ್ತರ ಸುತ್ತಲೇ ಸುತ್ತುತ್ತಿತ್ತು. ಎಂಬೊಂಗನನ್ನು ಕರೆಯಲು ಹೋಗುವವರು ಬದಲಾದರು, ಅವನ ಉತ್ತರ ಬದಲಾಗಲಿಲ್ಲ. “ನಾನಿಲ್ದೆ ದೇವರು ಬಾಗಿಲು ತೆಗಿಯಲ್ವಂತಾ? ಇರಿ, ಕೈ ತೊಳ್ಕೊಂಡು ಬಂದೆ.”

ಹೊಳೆ ಸಮುದ್ರ ಸೇರುವ ಕಡೆ, ನೀಪಾ ತಾಳೆಗಳ ಅಂಚಿನಲ್ಲಿ ಅವನ ಕೆಲಸದ ಕೊಟ್ಟಿಗೆ. ಚೆಂಗಲ್ ಮರದ ಹಲಗೆಗಳನ್ನು ಬೆಂಕಿಗೆ ಬಗ್ಗಿಸಿ, ಕಬ್ಬಿಣದ ಮೊಳೆ ಇಲ್ಲದೆ, ಮರದ ಬೆಣೆಗಳಲ್ಲೇ ದೋಣಿ ಕಟ್ಟುತ್ತಿದ್ದ. ಹಲಗೆ ಹಲಗೆಯ ನಡುವೆ ಗೆಲಂ ಮರದ ತೊಗಟೆ ಇಟ್ಟು ಬಿಗಿಯುತ್ತಿದ್ದ. ನೀರು ತಾಗಿದರೆ ತೊಗಟೆ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಕಾಗದದ ಮೇಲೆ ಒಂದು ಗೀಟೂ ಎಳೆಯುತ್ತಿರಲಿಲ್ಲ. ಕಣ್ಣಳತೆಯಲ್ಲೇ ಇಪ್ಪತ್ತೇಳು ದೋಣಿ ಕಟ್ಟಿದ. ಅವುಗಳಲ್ಲಿ ಒಂದು ಸಫಿಯಾಳ ಗಂಡ ಜುಸೊನದು. ಜುಸೊ ಜ್ವರದಲ್ಲಿ ತೀರಿಕೊಂಡಾಗ ಹೆಣ ಹೊರುವ ಪೆಟ್ಟಿಗೆಯನ್ನೂ ಎಂಬೊಂಗನೇ ಮಾಡಿದ. ದೋಣಿಗೆ ಹಾಕುವ ಹಾಗೆಯೇ ಅದಕ್ಕೂ ಬೆಣೆ ಹಾಕಿದ್ದ. “ಇದು ನೀರಿಗೆ ಇಳಿಯಲ್ಲ ಅಣ್ಣ, ಯಾಕಿಷ್ಟು ಬಿಗಿ?” ಎಂದು ಸಫಿಯಾ ಕೇಳಿದ್ದಕ್ಕೆ, “ಕೈಗೆ ಬೇರೆ ಥರ ಬರಲ್ಲ ತಾಯಿ,” ಅಂದಿದ್ದ.

ಅವನ ಹೆಂಡತಿ ಲಿಮಾ. ಮಕ್ಕಳಾಗಲಿಲ್ಲ. ಮೀನು ಅರೆದು, ಸಬ್ಬಕ್ಕಿ ಹಿಟ್ಟು ಕಲಸಿ, ಉದ್ದುದ್ದ ಹೊಸೆದು ಬೇಯಿಸುವ ಕೆರೊಪೊಕ್ ಕೆಲಸವನ್ನು ಸಫಿಯಾಳಿಗೆ ಕಲಿಸಿದವಳು ಅವಳೇ. ಇಬ್ಬರೂ ಒಂದೇ ಒರಳಿನ ಮುಂದೆ ಇಪ್ಪತ್ತು ವರ್ಷ ಕೂತರು. ಲಿಮಾಳ ಮರ್ಯಾದೆ ಊರಿಗೇ ಗೊತ್ತಿತ್ತು. ಒಲೆಯ ಮುಂದೆ ಬೆವರು ಸುರಿಯುವಾಗಲೂ ತಲೆಯ ಬಟ್ಟೆ ಸಡಿಲಿಸುತ್ತಿರಲಿಲ್ಲ. ತನ್ನ ಒಳಬಟ್ಟೆಗಳನ್ನು ಒಣಹಾಕುವಾಗ ಅವುಗಳ ಮೇಲೆ ಗಂಡನ ಲುಂಗಿ ಹರಡಿ ಮುಚ್ಚುತ್ತಿದ್ದಳು.

“ಬಿಸಿಲಿಗೂ ನಾಚ್ಕೋತೀಯಲ್ಲ ಲಿಮಕ್ಕ,” ಎಂದು ಸಫಿಯಾ ಛೇಡಿಸಿದರೆ, “ಬಿಸಿಲಿಗೆ ಕಣ್ಣಿಲ್ಲ ಕಣೆ, ದಾರೀಲಿ ಹೋಗೋರಿಗಿದೆ,” ಅನ್ನುತ್ತಿದ್ದಳು.

ವಯಸ್ಸು ಅರವತ್ತೆಂಟರ ಸುಮಾರಿಗೆ ಲಿಮಾಳಿಗೆ ಮರೆವು ಹತ್ತಿತು. ಮೊದಲು ಉಪ್ಪು ಎರಡು ಸಲ ಹಾಕಿದಳು. ಆಮೇಲೆ ಒಲೆ ಹಚ್ಚುವುದನ್ನೇ ಮರೆತಳು. ನಂತರ ಸಫಿಯಾ ಯಾರು ಎಂಬುದೂ ಮರೆತುಹೋಯಿತು. ಎಂಬೊಂಗ್ ಒಬ್ಬ ಮಾತ್ರ ನೆನಪಿನಲ್ಲಿ ಉಳಿದ. ಅವನು ಕಣ್ಣೆದುರು ಇದ್ದರೆ ಮಗುವಿನ ಹಾಗೆ ಸುಮ್ಮನೆ ಕೂತಿರುತ್ತಿದ್ದಳು. ಮರೆಯಾದರೆ ಎದ್ದು ಹುಡುಕುತ್ತಿದ್ದಳು. ಅವನು ಕೊಟ್ಟಿಗೆಗೆ ಬೀಗ ಹಾಕಿ, ಚಿಕ್ಕಪುಟ್ಟ ಕೆಲಸವನ್ನು ಮನೆಯ ಜಗಲಿಗೇ ತಂದುಕೊಂಡ.

ಉಳಿದದ್ದು ಶುಕ್ರವಾರದ ನಮಾಜಿನ ಒಂದು ಗಂಟೆ. “ನಾನು ಕೂತಿರ್ತೀನಿ, ನೀವು ಹೋಗಿ ಬನ್ನಿ ಅಣ್ಣ,” ಎಂದಳು ಸಫಿಯಾ.

ಮೊದಲ ಶುಕ್ರವಾರ ಲಿಮಾ ನಿದ್ದೆ ಮಾಡಿದಳು. ಎರಡನೆಯ ಶುಕ್ರವಾರ ಮಾಡಲಿಲ್ಲ. ಸಫಿಯಾ ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತರುವಷ್ಟರಲ್ಲಿ ಮುಂಬಾಗಿಲು ತೆರೆದಿತ್ತು. ಲಿಮಾ ಉಟ್ಟದ್ದು ಒಂದೊಂದಾಗಿ ಮೆಟ್ಟಿಲ ಮೇಲೆ, ಅಂಗಳದಲ್ಲಿ, ಬೇಲಿಯ ಹತ್ತಿರ ಬಿದ್ದಿತ್ತು. ಸಫಿಯಾ ಅವನ್ನು ಆಯ್ದುಕೊಂಡು ಓಡಿದಳು. ಅವಳ ಮಂಡಿ ಅಷ್ಟು ಬೇಗ ಓಡಗೊಡುವುದಿಲ್ಲ. ಮಸೀದಿಯ ದಾರಿ ತಲುಪುವಾಗ ನಮಾಜು ಮುಗಿದಿತ್ತು. ನಲವತ್ತು ಗಂಡಸರು ಮೆಟ್ಟಿಲು ಇಳಿದು ಚಪ್ಪಲಿ ಹುಡುಕುತ್ತಿದ್ದರು. ಅವರ ಎದುರಿಗೆ ಲಿಮಾ ನಿಂತಿದ್ದಳು. ಮೈಮೇಲೆ ಒಂದು ದಾರವೂ ಇರಲಿಲ್ಲ. ಗಂಡನ ಹೆಸರು ಹಿಡಿದು ಕೂಗುತ್ತಿದ್ದಳು.

ಎಂಬೊಂಗ್ ಹೆಗಲ ಮೇಲಿದ್ದ ನಮಾಜಿನ ಶಾಲನ್ನು ಅವಳಿಗೆ ಸುತ್ತಿದ. ಸಾಲದೆ ಹೋಯಿತು. ಆಜಾನು ಕೂಗುವ ಬಿಲಾಲ ಸೆತಾಪಾ ಒಳಗೆ ಓಡಿ ಮಸೀದಿಯ ಚಾಪೆಯನ್ನೇ ತಂದ. ಉಳಿದವರು ಹೇಳಿಸಿಕೊಳ್ಳದೆಯೇ ಬೆನ್ನು ತಿರುಗಿಸಿ ನಿಂತರು. ಮೂವತ್ತೆಂಟು ಬೆನ್ನು. ಅದು ಸಫಿಯಾಳಿಗೆ ಕೊನೆಯವರೆಗೂ ಕಣ್ಣಿಗೆ ಕಟ್ಟಿದ ಹಾಗಿತ್ತು.

ಅಂದು ಸಂಜೆ ಎಂಬೊಂಗ್ ಅವಳಿಗೆ ಹೇಳಿದ. “ತಪ್ಪು ನಿಂದಲ್ಲ ಸಫಿಯಾ. ಆದ್ರೆ ಇನ್ನು ಇವಳನ್ನ ಬಿಟ್ಟು ಹೋಗಲ್ಲ. ಇನ್ನೊಂದು ಮಾತು. ಇವತ್ತಿಂದು ನಿನ್ನ ಬಾಯಿಂದ ಎಲ್ಲೂ ಬರ್ಬಾರ್ದು. ಇವಳಿಗೆ ನೆನಪು ಹೋಗಿರಬಹುದು. ನಂಗೆ ಇವಳು ಹೇಗಿದ್ಲು ಅಂತ ನೆನಪಿದೆ.”

“ಬರಲ್ಲ ಅಣ್ಣ.”

ಅವಳು ಒಂದು ಮಾತು ಕೊಟ್ಟರೆ ಅದು ಕಲ್ಲಿನ ಮೇಲೆ ಕೊರೆದ ಹಾಗೆ. ಊರೂ ಬಾಯಿ ಬಿಡಲಿಲ್ಲ. ಇನ್ನೊಬ್ಬರ ಮಾನ ಮುಚ್ಚಿದವನ ಮಾನವನ್ನು ದೇವರು ಮುಚ್ಚುತ್ತಾನೆ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವರು. ಗಂಡಸರು ಮನೆಗೆ ಹೋಗಿ ಹೆಂಡತಿಯರಿಗೂ ಹೇಳಲಿಲ್ಲ.

ಮುಂದಿನ ಶುಕ್ರವಾರ ಎಣಿಸಿದರೆ ಮೂವತ್ತೊಂಬತ್ತು. ಯಾರೂ ಎಂಬೊಂಗನ ರಟ್ಟೆ ಹಿಡಿಯಲು ಹೋಗಲಿಲ್ಲ. ಜುಮ್ಮಾ ಮಾಡಿ, ಅದು ಆಗದಿದ್ದರೆ ಇರಲಿ ಎಂದು ಮಾಮೂಲಿ ಮಧ್ಯಾಹ್ನದ ನಮಾಜನ್ನೂ ಮಾಡಿದರು. ಹಾಗೇ ಮೂರು ವಾರ. ಬಿಲಾಲ ಸೆತಾಪಾನಿಗೆ ಇದು ಕೊರೆಯತೊಡಗಿತು. ಸ್ವಭಾವತಃ ಬಹಳ ನಿಯತ್ತಿನ ಮನುಷ್ಯ. ನಮಾಜಿಗೆ ಮುಂಚೆ ಕೈಕಾಲು ತೊಳೆದು ವುಜೂ ಮಾಡುವಾಗ ಮೊಣಕೈ ನೆನೆಯಿತೋ ಇಲ್ಲವೋ ಎಂದು ಅನುಮಾನ ಬಂದರೆ ಮತ್ತೆ ಮೊದಲಿನಿಂದ ತೊಳೆಯುವವನು. ಅವನು ಪಟ್ಟಣದ ಧರ್ಮ ಇಲಾಖೆಗೆ ಒಂದು ಪತ್ರ ಬರೆದ. ಮೂವತ್ತೊಂಬತ್ತು ಜನರ ಜುಮ್ಮಾ ಸಿಂಧುವೋ ಅಲ್ಲವೋ ಎಂದು ಕೇಳಿದ. ನಿಯತ್ತಿನವನಾದ್ದರಿಂದ ಕಾರಣವನ್ನೂ ಒಂದು ಸಾಲು ಬರೆದ: ನಮ್ಮ ನಲವತ್ತನೆಯವರು ಮೂರು ಶುಕ್ರವಾರದಿಂದ ಬಂದಿಲ್ಲ.

ಆರು ವರ್ಷದ ಹಿಂದೆ ಮಸೀದಿಯ ಗೋಡೆಗೆ ಒಂದು ಕಾಗದ ಅಂಟಿಸಿದ್ದರು. ಸರಿಯಾದ ಕಾರಣವಿಲ್ಲದೆ ಸತತ ಮೂರು ಜುಮ್ಮಾ ತಪ್ಪಿಸಿದವನು ಅಪರಾಧಿ, ಅವನಿಗೆ ದಂಡ ಅಥವಾ ಜೈಲು ಎಂದು. ಹಲ್ಲಿ ಅದರ ಹಿಂದೆ ಮೊಟ್ಟೆ ಇಟ್ಟಿತ್ತು. ಅದು ತಮ್ಮ ಊರಿಗೆ ಹೇಳಿದ ಮಾತು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಪತ್ರಕ್ಕೆ ಉತ್ತರ ಬರಲಿಲ್ಲ. ಬಿಳಿ ಕಾರು ಬಂತು. ಇಬ್ಬರು ಇಳಿದರು.

ದೊಡ್ಡ ಅಧಿಕಾರಿ ಒಳ್ಳೆಯ ಮಾತಿನವನೇ. ಸಫಿಯಾ ಕೊಟ್ಟ ಕೆರೊಪೊಕ್ ತಿಂದು, ಖಾರ ಚೆನ್ನಾಗಿದೆ ಅಂದ. “ಅಜ್ಜಿ, ನೀವೇ ಹೇಳಿ. ಕಾನೂನು ಇಲ್ದಿದ್ರೆ ಇನ್ನು ಹತ್ತು ವರ್ಷಕ್ಕೆ ಮಸೀದೀಲಿ ಬಾವಲಿ ಮಾತ್ರ ಇರ್ತವೆ. ಪಟ್ಟಣದಲ್ಲಿ ನೋಡಿದೀನಿ, ಖುತ್ಬಾ ಪ್ರವಚನ ನಡೀತಿರುತ್ತೆ, ಹುಡುಗರು ಕಾಫಿ ಅಂಗಡೀಲಿ ಕೂತು ಮೊಬೈಲ್ ಒತ್ತುತಿರ್ತಾರೆ.”

“ಪಟ್ಟಣದ್ದು ನಂಗೊತ್ತಿಲ್ಲ. ನಮ್ಮೂರಲ್ಲಿ ಐವತ್ತು ವರ್ಷದಿಂದ ನಲವತ್ತು ಜನ ಸೇರಿದಾರೆ. ನೀವು ಬಂದಿದ್ದು ಇವತ್ತೇ ಮೊದಲು.”

ಅಧಿಕಾರಿ ನಕ್ಕು, ನೀವು ಆ ಮನೆಗೆ ಹೋಗಿ ಬರ್ತೀರಂತಲ್ಲ ಎಂದು ಕೇಳಿದ. ಹೋಗ್ತೀನಿ ಅಂದಳು. ಜೊತೆಯವನು ಬರೆದುಕೊಂಡ.

ಎರಡು ತಿಂಗಳಿಗೆ ಕೋರ್ಟಿನ ಕಾಗದ ಬಂತು. ಎಂಬೊಂಗನಿಗೆ ಒಂದು, ಸಫಿಯಾಳಿಗೆ ಒಂದು. ಸಫಿಯಾಳಿಗೆ ಕುರಾನಿನ ಅಕ್ಷರ ಬೆರಳಿಟ್ಟು ಓದಲು ಬರುತ್ತಿತ್ತು, ಸರ್ಕಾರದ ಅಕ್ಷರ ಬರುತ್ತಿರಲಿಲ್ಲ. ಸೆತಾಪಾನೇ ಓದಿ ಹೇಳಿದ.

“ನಾನು ಧರ್ಮದ ಪ್ರಶ್ನೆ ಕೇಳ್ದೆ ಸಫಿಯಕ್ಕ. ಚಾಡಿ ಹೇಳ್ಲಿಲ್ಲ.”

“ಗೊತ್ತು.”

“ಎಂಬೊಂಗಣ್ಣ ಏನಂದ್ರು?”

“ಮೊಣಕೈ ನೆಂದಿತ್ತಾ ಅಂತ ಕೇಳು ಅವ್ನನ್ನ, ಅಂದ್ರು.”

ಸೆತಾಪಾ ಕಾಗದ ಮಡಿಸಿ ಅವಳ ಕೈಗಿಟ್ಟ.

ಶರೀಯತ್ ಕೋರ್ಟು ಇದ್ದದ್ದು ಪಟ್ಟಣದಲ್ಲಿ, ಎರಡು ಗಂಟೆಯ ದಾರಿ. ಸೆತಾಪಾನ ವ್ಯಾನಿನಲ್ಲಿ ಊರಿನ ಹನ್ನೊಂದು ಗಂಡಸರು ಬಂದರು. ಲಿಮಾಳ ಹತ್ತಿರ ಸೆತಾಪಾನ ಹೆಂಡತಿ ಸೆನಾ ಕೂತಳು, ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿಸಿಕೊಂಡು. ಹೊರಡುವಾಗ ಒಳಗಿನಿಂದ ಲಿಮಾ ಹಲಗೆ ಪರಚುವ ಸದ್ದು ವ್ಯಾನಿನವರೆಗೂ ಕೇಳಿಸಿತು.

ನ್ಯಾಯಾಧೀಶನಿಗೆ ಸಫಿಯಾಳ ಮಗನಾಗುವ ವಯಸ್ಸು. ನೆಗಡಿಯಾಗಿತ್ತು. ಮೆಲ್ಲಗೆ ಮಾತಾಡುತ್ತಿದ್ದ.

“ಕಾರಣ ಹೇಳಿ ಹಿರಿಯರೆ.”

“ಹೆಂಡ್ತಿಗೆ ಹುಷಾರಿಲ್ಲ ಸಾಹೇಬ್ರೆ.”

“ಅದು ಆಸ್ಪತ್ರೆ ಕಾಗದದಲ್ಲಿದೆ. ಪಕ್ಕದಲ್ಲಿ ಯಾರಾದ್ರೂ ಒಬ್ರು ಇರಬೇಕು ಅಂತ ಬರ್ದಿದಾರೆ. ನೋಡ್ಕೊಳ್ಳೋರು ಬೇರೆ ಯಾರೂ ಇಲ್ದಿದ್ರೆ ಅದು ಧರ್ಮ ಒಪ್ಪೋ ಕಾರಣ. ಇದ್ರೆ ಅಲ್ಲ. ಈಗ ಅವರ ಹತ್ರ ಯಾರಿದ್ದಾರೆ?”

“ಬಿಲಾಲನ ಹೆಂಡ್ತಿ.”

ನ್ಯಾಯಾಧೀಶ ಮುಂದಿನ ಮಾತು ಎತ್ತುವ ಮೊದಲೇ ಗುಮಾಸ್ತ ಬರೆದು ಮುಗಿಸಿದ್ದನ್ನು ಸಫಿಯಾ ನೋಡಿದಳು. ಕೋರ್ಟಿಗೆ ಬರಲು ಅವನು ಹೆಂಡತಿಯನ್ನು ಬಿಟ್ಟು ಬಂದದ್ದೇ, ಮಸೀದಿಗೂ ಬಿಟ್ಟು ಹೋಗಬಹುದಿತ್ತು ಎಂಬುದಕ್ಕೆ ಸಾಕ್ಷಿಯಾಯಿತು.

“ನಾನೇ ಇರ್ಬೇಕು ಸಾಹೇಬ್ರೆ.”

“ಯಾಕೆ ಅಂತ ಹೇಳಿ. ಜನರನ್ನೆಲ್ಲ ಹೊರಗೆ ಕಳಿಸ್ತೀನಿ. ನನಗೊಬ್ಬನಿಗೆ ಹೇಳಿ.”

“ನೀವು ಬರೀತೀರಲ್ಲ.”

“ಬರೀಲೇಬೇಕು. ಬರೀದೆ ಬಿಡೋಕಾಗಲ್ಲ.”

“ಬರ್ದಿದ್ದು ನಾವು ಸತ್ತ ಮೇಲೂ ಇರುತ್ತೆ. ದೇವರಿಗೆ ಗೊತ್ತಿದೆ, ಅಷ್ಟು ಸಾಕು.”

“ದೇವರಿಗೆ ಗೊತ್ತಿರೋದು ನನಗೆ ಗೊತ್ತಿಲ್ಲ ಹಿರಿಯರೆ. ಇಲ್ಲಿ ಹೇಳಿದ್ದನ್ನ ಮಾತ್ರ ನಾನು ತೂಗಬಹುದು.”

“ಹಂಗಾದ್ರೆ ನಿಮಗೆ ತೂಗೋಕಾಗದ್ದನ್ನ ತಕ್ಕಡಿಗೆ ಯಾಕೆ ಹಾಕಿದ್ರಿ?” ಎಂಬೊಂಗ್ ದನಿ ಎತ್ತಲಿಲ್ಲ. ಹಲಗೆ ಬಗ್ಗದಿದ್ದರೆ ಯಾಕೆ ಬಗ್ಗುತ್ತಿಲ್ಲ ಎಂದು ನೋಡುವಾಗಿನ ಮುಖ ಇತ್ತು. “ನಾನು ಅಲ್ಲಿ ಹೋಗಿ ಹಣೆ ಹಚ್ಚೋದು ಅವನ ಮುಂದೆ. ತಪ್ಪಿದ್ರೆ ಕೇಳೋನು ಅವನು. ಊರೋರು ರಟ್ಟೆ ಹಿಡ್ಕೊಂಡು ಹೋಗ್ತಿದ್ರು, ಅದು ಬೇರೆ. ಅವ್ರಿಗೆ ನಾನು ಬೇಕಿತ್ತು. ನಿಮಗೆ ನಾನ್ ಯಾಕೆ ಬೇಕು?”

ನ್ಯಾಯಾಧೀಶ ಕರವಸ್ತ್ರದಿಂದ ಮೂಗು ಒರೆಸಿಕೊಂಡ. ಆಮೇಲೆ ಸಫಿಯಾಳನ್ನು ಕರೆದ.

ಅವಳು ದೇವರ ಹೆಸರಿನಲ್ಲಿ ಪ್ರಮಾಣ ಮಾಡಿದಳು. ಹಿಂದಿನ ಬೆಂಚುಗಳಲ್ಲಿ ಹನ್ನೊಂದು ಜನ ಕೂತಿದ್ದರು. ಹನ್ನೊಂದೂ ಜನ ಅಂದು ಲಿಮಾಳನ್ನು ಕಂಡವರು. ಒಬ್ಬರೂ ತಲೆ ಎತ್ತಲಿಲ್ಲ.

“ನೀವು ಆ ಹೆಂಗಸನ್ನ ನೋಡ್ಕೊಂಡಿದ್ದುಂಟಾ ತಾಯಿ?”

“ಎರಡು ಶುಕ್ರವಾರ ನೋಡ್ಕೊಂಡೆ.”

“ಏನಾಯ್ತು?”

“ಮೊದಲ್ನೇ ಶುಕ್ರವಾರ ನಿದ್ದೆ ಮಾಡಿದ್ರು.”

“ಎರಡನೇದು?”

“ನಿದ್ದೆ ಮಾಡ್ಲಿಲ್ಲ.”

“ಆಮೇಲೆ?”

ಸಫಿಯಾ ಎಂಬೊಂಗನ ಕಡೆ ನೋಡಿದಳು. ಅವನು ಅವಳನ್ನು ನೋಡುತ್ತಿರಲಿಲ್ಲ. ತನ್ನ ಅಂಗೈಯ ಹಳೆಯ ಗಾಯವೊಂದನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. ಒಂದು ವಾಕ್ಯ ಸಾಕಿತ್ತು. ಲಿಮಕ್ಕ ಬಟ್ಟೆ ಕಳಚಿ ಹೊರಗೆ ಹೋದರು, ನನ್ನ ಕೈಲಿ ತಡೆಯೋಕಾಗಲಿಲ್ಲ. ಅಷ್ಟು ಹೇಳಿದ್ದರೆ ಗುಮಾಸ್ತ ಅದನ್ನು ಬರೆಯುತ್ತಿದ್ದ, ಮುದುಕ ಮನೆಗೆ ಬರುತ್ತಿದ್ದ. ಆ ವಾಕ್ಯ ಅವಳ ನಾಲಿಗೆಯ ತುದಿಯವರೆಗೆ ಬಂತು. ಅದರ ಜೊತೆಗೇ, ಬಿಸಿಲಿನಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಲುಂಗಿ ಹರಡುತ್ತಿದ್ದ ಕೈಯೂ ನೆನಪಿಗೆ ಬಂತು.

“ಆಮೇಲಿಂದು ನಾನು ಹೇಳಲ್ಲ ಸಾಹೇಬ್ರೆ. ಸುಳ್ಳು ಹೇಳಿಲ್ಲ. ಹೇಳಲ್ಲ, ಅಷ್ಟೇ.”

“ಇನ್ಮೇಲೂ ನೋಡ್ಕೊಳ್ಳೋಕೆ ನಿಮ್ಮ ಒಪ್ಪಿಗೆ ಇದೆಯಾ?”

“ಇದೆ.”

ಆ ಒಂದು ಪದಕ್ಕೆ ಎಷ್ಟು ಭಾರ ಇತ್ತು ಎಂದು ಅವಳಿಗೆ ತಿಳಿದದ್ದು ಹೇಳಿದ ಮೇಲೆ. ಒಪ್ಪಿಗೆ ಇಲ್ಲ ಅಂದಿದ್ದರೆ ಅದು ಸುಳ್ಳಾಗುತ್ತಿತ್ತು. ಅವಳಿಗೆ ಸುಳ್ಳು ಬರುತ್ತಿರಲಿಲ್ಲ.

ನ್ಯಾಯಾಧೀಶ ಮತ್ತೊಮ್ಮೆ ಎಂಬೊಂಗನನ್ನು ಕೇಳಿದ. ಬರುವ ಶುಕ್ರವಾರದಿಂದ ಹೋಗುತ್ತೇನೆ ಎಂದರೆ ಬುದ್ಧಿ ಹೇಳಿ ಕಳಿಸಿಬಿಡುತ್ತೇನೆ ಅಂದ. ಇದು ತಾನು ಮಾಡಿದ ಕಾನೂನಲ್ಲ ಎಂದೂ ಅಂದ.

“ಹೋಗಲ್ಲ ಸಾಹೇಬ್ರೆ. ಹೋಗ್ತೀನಿ ಅಂತ ಇಲ್ಲಿ ಸುಳ್ಳು ಹೇಳಿದ್ರೆ, ನಮಾಜು ತಪ್ಸಿದ್ದಕ್ಕಿಂತ ಅದೇ ದೊಡ್ಡದು.”

ಹತ್ತು ದಿನ ಜೈಲು. ಅಲ್ಲಿಂದಲೇ ಕರೆದುಕೊಂಡು ಹೋದರು. ಅಷ್ಟು ಅವನು ಎಣಿಸಿರಲಿಲ್ಲ. ದಂಡ ಹಾಕುತ್ತಾರೆ, ಸಂಜೆಯೊಳಗೆ ಮನೆ ಸೇರುತ್ತೇನೆ ಎಂದುಕೊಂಡಿದ್ದ. ಬಾಗಿಲಲ್ಲಿ ನಿಂತು ತಿರುಗಿ ಅಂದ. “ಸಫಿಯಾ, ನನ್ನ ಕೆಲಸದ ಅಂಗಿ ಗೂಟಕ್ಕಿದೆ. ಅವಳಿಗೆ ಅದನ್ನ ಹಾಕು.”

ವಾಪಸು ಬರುವಾಗ ವ್ಯಾನಿನಲ್ಲಿ ಸೆತಾಪಾ ರಸ್ತೆಯನ್ನೇ ನೋಡುತ್ತ, “ಎದ್ದು ಹೇಳ್ಬಿಡೋಣ ಅಂತ ಎರಡು ಸಲ ಬಾಯಿ ತೆಗ್ದೆ. ಎಂಬೊಂಗಣ್ಣ ನನ್ನ ಕಡೆ ತಿರುಗಿ ನೋಡಿದ್ರು,” ಅಂದ. ಹಿಂದಿನಿಂದ ಒಬ್ಬ, “ನೀನು ಬಾಯಿ ತೆಗೀಬೇಕಾಗಿದ್ದು ಅಲ್ಲಲ್ಲ, ಮುಚ್ಕೋಬೇಕಾಗಿದ್ದು ಪತ್ರ ಬರೀವಾಗ,” ಅಂದ.

ಸಫಿಯಾ ಚಾಪೆ, ದಿಂಬು ತಂದು ಲಿಮಾಳ ಮನೆಯಲ್ಲೇ ಉಳಿದಳು. ಕೆಲಸದ ಅಂಗಿ ಮರದ ಹೊಟ್ಟು, ಗೆಲಂ ತೊಗಟೆ, ಬೆವರು ಎಲ್ಲ ಸೇರಿ ಘಾಟು ವಾಸನೆ ಹೊಡೆಯುತ್ತಿತ್ತು. ಅದನ್ನು ತೊಡಿಸಿದ್ದೇ ತಡ ಲಿಮಾ ತೋಳನ್ನು ಮೂಗಿಗೆ ಹಿಡಿದು ಸುಮ್ಮನಾದಳು. ಅನ್ನ ತಿನ್ನಿಸಿದರೆ ತಿಂದಳು. ಐದು ದಿನ ಹಾಗೇ ಕಳೆಯಿತು. ಸಫಿಯಾ ಮನಸ್ಸಿನಲ್ಲೇ ಎಣಿಸುತ್ತಿದ್ದಳು, ಇನ್ನು ಐದು ದಿನ.

ಆರನೆಯ ದಿನ ಲಿಮಾ ಅಂಗಿಯಲ್ಲೇ ಎಲ್ಲ ಮಾಡಿಕೊಂಡಳು. ಸಫಿಯಾ ನಮಾಜು ಮಾಡುವುದು ಅದೇ ಕೋಣೆಯಲ್ಲಿ. ಅಶುದ್ಧ ಬಟ್ಟೆ ಅಲ್ಲಿ ಇರಬಾರದು. ಮದುವೆಯಾದಂದಿನಿಂದ ನಲವತ್ತಾರು ವರ್ಷ ಹೇಗೆ ಮಾಡಿದ್ದಳೋ ಹಾಗೇ ಮಾಡಿದಳು. ಅಂಗಿ ತೆಗೆದು, ಏಳು ನೀರಿನಲ್ಲಿ ಜಾಲಿಸಿ, ಸೋಪು ಹಾಕಿ ಉಜ್ಜಿ, ಬಿಸಿಲಿಗೆ ಹಾಕಿದಳು. ಸಂಜೆ ಅದನ್ನೇ ತೊಡಿಸಿದಳು. ಲಿಮಾ ತೋಳನ್ನು ಮೂಗಿಗೆ ಹಿಡಿದಳು. ಒಮ್ಮೆ ಆ ತೋಳು, ಒಮ್ಮೆ ಈ ತೋಳು. ಆಮೇಲೆ ಗುಂಡಿ ಬಿಚ್ಚತೊಡಗಿದಳು. ಸಫಿಯಾ ಹಾಕಿದಳು, ಅವಳು ಬಿಚ್ಚಿದಳು. ಆಗ ಸಫಿಯಾಳಿಗೆ ತಾನು ಏನು ತೊಳೆದುಹಾಕಿದೆ ಎಂದು ಅರ್ಥವಾಯಿತು.

ಏಳನೆಯ ದಿನ ಬೆಳಗಿನ ಜಾವ ಲಿಮಾ ಮಲಗಿದ್ದಳು. ಸೆತಾಪಾ ಆಜಾನು ಕೂಗಿದ. ಸಫಿಯಾ ವುಜೂ ಮಾಡಿ, ಬಾಗಿಲ ಅಗುಳಿಯನ್ನು ಕೈಯಿಂದ ಮುಟ್ಟಿ ನೋಡಿ, ಬಿಳಿಯ ನಮಾಜಿನ ಬಟ್ಟೆ ತಲೆಯಿಂದ ಪಾದದವರೆಗೆ ತೊಟ್ಟು ನಿಂತಳು. ಮುಂಜಾನೆಯದು ಎರಡೇ ರಕಾತು, ಎಂದರೆ ಎರಡೇ ಸುತ್ತು. ಮೊದಲನೆಯದು ಮುಗಿದು ಎರಡನೆಯದಕ್ಕೆ ಎದ್ದು ನಿಂತಾಗ ಬೆನ್ನ ಹಿಂದೆ ಅಗುಳಿ ಸರಿದ ಸದ್ದು ಕೇಳಿತು.

ಜೀವಕ್ಕೆ ಅಪಾಯ ಇದ್ದರೆ ನಮಾಜನ್ನು ನಡುವೆಯೇ ಬಿಟ್ಟು ಓಡಬಹುದು, ಓಡಲೇಬೇಕು. ಅದು ಅವಳಿಗೆ ಗೊತ್ತಿತ್ತು; ಹುಡುಗಿಯಾಗಿದ್ದಾಗಲೇ ಕಲಿಸಿದ್ದರು. ಆದರೆ ಐವತ್ತೈದು ವರ್ಷದಲ್ಲಿ ಒಂದು ಸಲವೂ ಬಿಟ್ಟಿರಲಿಲ್ಲ. ಬೆನ್ನು ತಿರುಗಬೇಕೆಂದರೂ ತಿರುಗಲಿಲ್ಲ. ನಾಲಿಗೆ ಬೇಗ ಬೇಗ ಓದಿತು. ಬಗ್ಗಿದಳು, ಹಣೆ ಹಚ್ಚಿದಳು, ಎದ್ದು ಮತ್ತೆ ಹಣೆ ಹಚ್ಚಿದಳು, ಕೂತು ಬಲಕ್ಕೂ ಎಡಕ್ಕೂ ಸಲಾಂ ಹೇಳಿದಳು. ಆಮೇಲೆ ಎದ್ದಳು.

ಅಂಗಿ ಕೊಟ್ಟಿಗೆಯ ದಾರಿಯಲ್ಲಿ ಬಿದ್ದಿತ್ತು. ಲುಂಗಿ ಕೊಟ್ಟಿಗೆಯ ಬಾಗಿಲಲ್ಲಿ. ಬೀಗ ಹಾಕಿದ ಬಾಗಿಲನ್ನು ತಟ್ಟಿ, ಅವನು ಒಳಗಿಲ್ಲ ಎಂದು ಹೊಳೆಯ ಕಡೆಯಿಂದ ನೋಡಲು ಹೋಗಿರಬೇಕು. ನೀಪಾ ತಾಳೆಯ ಬುಡದಲ್ಲಿ, ಮಂಡಿಯುದ್ದದ ನೀರಿನಲ್ಲಿ, ಲಿಮಾ ಬೋರಲಾಗಿ ಬಿದ್ದಿದ್ದಳು. ಇಳಿತದ ಹೊತ್ತು. ಇನ್ನೊಂದು ಗಳಿಗೆ ಕಳೆದಿದ್ದರೆ ಅಲ್ಲಿ ಬರೀ ಕೆಸರಿರುತ್ತಿತ್ತು.

ಸಫಿಯಾ ಅವಳನ್ನು ದಡಕ್ಕೆ ಎಳೆದು ತಿರುಗಿಸಿದಳು. ಉಸಿರಿರಲಿಲ್ಲ. ಮೈಮೇಲೆ ಕೆಸರು ಬಿಟ್ಟು ಬೇರೇನೂ ಇರಲಿಲ್ಲ. ಬೆಳಕು ಹರಿಯುತ್ತಿತ್ತು, ಮಸೀದಿಯಿಂದ ಗಂಡಸರು ಹೊರಡುವ ಹೊತ್ತು. ಸಫಿಯಾ ಕೂಗಲಿಲ್ಲ. ಮೊದಲು ತಾನು ತೊಟ್ಟಿದ್ದ ಬಿಳಿಯ ಬಟ್ಟೆ ಕಳಚಿ, ಲಿಮಾಳ ತಲೆಯಿಂದ ತೊಡಿಸಿ, ಪಾದದವರೆಗೆ ಎಳೆದು, ಕೂದಲನ್ನು ಒಳಗೆ ತುರುಕಿ, ಗಲ್ಲದ ಕೆಳಗೆ ದಾರ ಕಟ್ಟಿದಳು. ದಾರಿಗೆ ಹೋಗಿ ಅಂಗಿ ಲುಂಗಿ ಎತ್ತಿಕೊಂಡು ಕೊಟ್ಟಿಗೆಯ ಹಲಗೆಯ ಸಂದಿಗೆ ತೂರಿಸಿದಳು. ಆಮೇಲೆ ಕೂಗಿದಳು.

ಬಂದವರು ಕಂಡದ್ದು ನಮಾಜಿನ ಬಟ್ಟೆಯಲ್ಲಿದ್ದ ಹೆಂಗಸನ್ನು. “ನೀರಿಗೆ ಜಾರಿದ್ರು,” ಎಂದಳು ಸಫಿಯಾ. ಅದರಲ್ಲಿ ಸುಳ್ಳಿರಲಿಲ್ಲ. ಮುದುಕಿ ಸಾಯುವ ಮುಂಚೆ ನಮಾಜಿಗೆ ಎದ್ದಿತ್ತು ಎಂದು ಊರಿನಲ್ಲಿ ಮಾತು ಹಬ್ಬಿತು. ಅದನ್ನು ಅವಳು ಹುಟ್ಟಿಸಲೂ ಇಲ್ಲ, ತಿದ್ದಲೂ ಇಲ್ಲ.

ಹೆಣ ಕಾಯುವುದಿಲ್ಲ. ಅಂದೇ ಮಣ್ಣು ಮಾಡಿದರು. ಎಂಬೊಂಗ್ ಬಂದದ್ದು ಹತ್ತು ದಿನ ಪೂರ್ತಿ ಆದ ಮೇಲೆ. ಸಮಾಧಿಯ ಮೇಲೆ ಊರವರು ನಿಲ್ಲಿಸಿದ್ದ ಗುರುತಿನ ಕಟ್ಟಿಗೆ ಸೊಟ್ಟಗಿತ್ತು. ಅದನ್ನು ಕಿತ್ತು, ಚೆಂಗಲ್ ಮರದ್ದು ಕೆತ್ತಿ ನೆಟ್ಟ. ಸಫಿಯಾಳನ್ನು ಏನೂ ಕೇಳಲಿಲ್ಲ. ಅಂಗಿ ಎಲ್ಲಿ ಎಂದೂ ಕೇಳಲಿಲ್ಲ.

ಮುಂದಿನ ಶುಕ್ರವಾರ ಯಾರೂ ಕರೆಯದೆ ಮಸೀದಿಗೆ ಹೋದ. ಇಲಾಖೆಯವರು ಬಾಗಿಲಲ್ಲಿ ಒಂದು ಪುಸ್ತಕ ಇಡಿಸಿದ್ದರು. ಅದರಲ್ಲಿ ಹೆಬ್ಬೆಟ್ಟು ಒತ್ತಿದ. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ನಿಂತ. ನಲವತ್ತು ಭರ್ತಿಯಾಯಿತು. ಅಧಿಕಾರಿ ಫೋನಿನಲ್ಲಿ ಸೆತಾಪಾನಿಗೆ ಶಾಬಾಸ್ ಹೇಳಿದ.

ಒಂದು ದಿನ ಸೆತಾಪಾ ಕೆರೊಪೊಕ್ ಕೊಳ್ಳುವ ನೆಪದಲ್ಲಿ ಬಂದು ನಿಂತ. “ಸಫಿಯಕ್ಕ, ನಾನು ಪಕ್ಕದಿಂದ ನೋಡ್ತೀನಿ. ಎಂಬೊಂಗಣ್ಣ ಬಗ್ತಾರೆ, ಏಳ್ತಾರೆ. ತುಟಿ ಮಾತ್ರ ಅಲ್ಲಾಡಲ್ಲ. ಪುಸ್ತಕದಲ್ಲಿ ನಲವತ್ತಿದೆ. ಮೇಲೆ ಎಷ್ಟು ಅಂತ ಲೆಕ್ಕ ಹಿಡೀತಾರೋ ನಂಗೊತ್ತಾಗ್ತಿಲ್ಲ.”

“ಇನ್ನೊಂದು ಪತ್ರ ಬರೀತೀಯಾ?”

ಸೆತಾಪಾ ಕೆರೊಪೊಕ್ ಬಿಟ್ಟು ಹೋದ. ಆಮೇಲೆ ಅವಳಿಗೆ ತನ್ನ ಮಾತು ಹೆಚ್ಚಾಯಿತು ಅನ್ನಿಸಿತು. ಪೊಟ್ಟಣ ಕಟ್ಟಿ ಸೆನಾಳ ಕೈಲಿ ಕಳಿಸಿದಳು. ತಾನು ಅಂದು ಅಗುಳಿಯ ಸದ್ದು ಕೇಳಿ ಮುಗಿಸಿದ ನಮಾಜು ಎಲ್ಲಿ ಲೆಕ್ಕಕ್ಕೆ ಬಂತು ಎಂದು ಅವಳಿಗೂ ಗೊತ್ತಿರಲಿಲ್ಲ. ಅವಳು ಯಾರಿಗೂ ಪತ್ರ ಬರೆಯುವ ಹಾಗಿರಲಿಲ್ಲ.

ಲಿಮಾ ಹೋದ ಮೇಲೆ ಎಂಬೊಂಗನ ಮನೆಯೊಳಗೆ ಅವಳು ಕಾಲಿಡುವಂತಿರಲಿಲ್ಲ. ವಿಧವೆಯೂ ವಿಧುರನೂ ಒಂದೇ ಸೂರಿನ ಕೆಳಗೆ ಸಿಕ್ಕಿದರೆ ಅದಕ್ಕೂ ಒಂದು ಕಾನೂನಿತ್ತು, ಎಪ್ಪತ್ತಾದರೂ ರಿಯಾಯಿತಿ ಇರಲಿಲ್ಲ. ಅನ್ನದ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಬರುತ್ತಿದ್ದಳು. ಮಾತಾಡಬೇಕಿದ್ದರೆ ಸೆನಾಳನ್ನು ಕರೆದುಕೊಂಡು ಹೋಗಿ ಮೆಟ್ಟಿಲಲ್ಲೇ ಕೂರುತ್ತಿದ್ದಳು. ಒಂದೂವರೆ ವರ್ಷ ಹೀಗೆ ಹೋಯಿತು. ಅವನು ಇಪ್ಪತ್ತೆಂಟನೆಯ ದೋಣಿಗೆ ಹಲಗೆ ಕೊಯ್ದಿಟ್ಟ, ಕಟ್ಟಲಿಲ್ಲ.

ಮಳೆಗಾಲ ಮುಗಿದ ಒಂದು ಬೆಳಗ್ಗೆ ಎಂಬೊಂಗ್ ಮಲಗಿದಲ್ಲಿಂದ ಏಳಲಿಲ್ಲ. ಎದೆಯಲ್ಲಿ ಕಫ ಕಟ್ಟಿತ್ತು. ಸೆತಾಪಾ ಅವನ ಚಾಪೆಯನ್ನು ಬಾಗಿಲ ಹತ್ತಿರಕ್ಕೆ ಎಳೆದು ಹಾಕಿ ಆಸ್ಪತ್ರೆಯ ಗಾಡಿ ತರಲು ಹೋದ. ಸಫಿಯಾ ಮೆಟ್ಟಿಲಲ್ಲಿ ಕೂತು ಗಂಜಿಯನ್ನು ಚಮಚದಲ್ಲಿ ಸೆನಾಳಿಗೆ ಕೊಡುತ್ತಿದ್ದಳು, ಸೆನಾ ಒಳಗೆ ಕೂತು ಅವನ ಬಾಯಿಗೆ ಹಾಕುತ್ತಿದ್ದಳು. ಮೂರು ಚಮಚ ತೆಗೆದುಕೊಂಡು ಸಾಕೆಂದ. ಸೆನಾ ಪಾತ್ರೆ ತೊಳೆಯಲು ಬಾವಿಯ ಹತ್ತಿರ ಹೋದಳು.

ಅವನು ತಲೆ ಹೊರಳಿಸಿ ಹೊಸ್ತಿಲಾಚೆ ಅವಳನ್ನು ನೋಡಿದ. ಹುಬ್ಬು ಪೂರ್ತಿ ಬೆಳ್ಳಗಾಗಿತ್ತು. ಮರದ ಹೊಟ್ಟು ಎಲ್ಲೂ ಇರಲಿಲ್ಲ.

“ಸಫಿಯಾ.”

“ಹೇಳಿ ಅಣ್ಣ.”

“ನೀನು ಸುಳ್ಳು ಹೇಳಲ್ಲ ಅಂತ ಇಷ್ಟು ದಿನ ಕೇಳ್ಲಿಲ್ಲ.” ಉಸಿರು ಎಳೆದುಕೊಂಡ. “ಅವತ್ತು ಬೆಳಗ್ಗೆ ಹೊಳೆ ಹತ್ರ, ನೀನು ಕೂಗೋ ಮುಂಚೆ... ನೀನೊಬ್ಬಳನ್ನ ಬಿಟ್ಟು ಅವಳನ್ನ ಯಾರಾದ್ರೂ ನೋಡಿದ್ರಾ?”